ಇಪ್ಪತ್ತು ನಿಮಿಷದ ಬಿಸಿಲು

ಆ ಹುಡುಗಿ ಮೊದಲ ಸಲ ಸ್ಟುಡಿಯೋ ಮೆಟ್ಟಿಲು ಹತ್ತಿ ಬಂದಾಗ ಅವಳ ಕೈಯಲ್ಲಿ ಕ್ಯಾಮೆರಾ ಇರಲಿಲ್ಲ, ಆಲ್ಬಂ ಇರಲಿಲ್ಲ. ಕಂಕುಳಲ್ಲಿ ಒಂದು ದೊಡ್ಡ ಬಟ್ಟೆಗಂಟು ಇತ್ತು. ಅದನ್ನು ಅವಳು ಬಾಗಿಲಲ್ಲಿ ಹೇಗೋ ತೂರಿಸಿಕೊಂಡು ಒಳಗೆ ಬರುವುದನ್ನು ಕಂಡು ಸ್ಟುಡಿಯೋ ಅಕ್ಕ ಕೂತಲ್ಲಿಂದಲೇ ಹೇಳಿದಳು:

“ಟೈಲರ್ ಅಂಗಡಿ ಕೆಳಗಡೆ ಕಣಮ್ಮ. ಎಲ್ಲರೂ ತಪ್ಪಿ ಮೇಲೆ ಹತ್ತಿಬಿಡ್ತಾರೆ.”

“ಟೈಲರ್ ಅಲ್ಲ ಅಕ್ಕ, ನಿಮ್ಮ ಹತ್ರಾನೇ ಬಂದೆ,” ಅಂದಳು ಹುಡುಗಿ ಏದುಸಿರು ಬಿಡುತ್ತ. “ಸಂಘದವರು ಕಳಿಸಿದ್ರು. ನಾನು ನಿಮ್ಮ ಶಿಷ್ಯೆ.”

ಸಂಘ ಅಂದರೆ ಊರಿನ ಛಾಯಾಗ್ರಾಹಕರ ಸಂಘ. ಆ ವರ್ಷ ಅದರ ಕಾರ್ಯದರ್ಶಿಗೆ ಒಂದು ಹುರುಪು ಬಂದಿತ್ತು. ಹೊಸದಾಗಿ ಕೆಲಸ ಶುರುಮಾಡಿದ ಐದು ಜನ ಎಳೆಯರನ್ನು ಆರಿಸಿ ಒಬ್ಬೊಬ್ಬರನ್ನು ಒಬ್ಬೊಬ್ಬ ಹಿರಿಯರ ಕೈಗೆ ಒಪ್ಪಿಸುವುದು, ಒಂದು ವರ್ಷ ಪ್ರತಿ ಶನಿವಾರ ಜೊತೆಗೆ ಕೂತು ಕೆಲಸ ಮಾಡಿಸುವುದು, ಕೊನೆಗೆ ಗ್ರಂಥಾಲಯದ ಹಾಲ್‌ನಲ್ಲಿ ಒಂದು ಪ್ರದರ್ಶನ. ಅಕ್ಕ ಮೊದಲು ಒಲ್ಲೆ ಅಂದಿದ್ದಳು. “ನಾನು ಪಾಸ್‌ಪೋರ್ಟ್ ಸೈಜ್ ತೆಗೆಯೋಳು. ನನ್ನ ಹತ್ರ ಏನು ಕಲೆ ಇದೆ ಕಲಿಸೋಕೆ?” ಕಾರ್ಯದರ್ಶಿ ಬಿಡಲಿಲ್ಲ. “ಮೂವತ್ತೆರಡು ವರ್ಷದಲ್ಲಿ ಈ ಊರಿನ ಎಷ್ಟು ಮುಖ ನೋಡಿದ್ದೀರಿ ನೀವು? ಅದನ್ನೇ ಕಲಿಸಿ,” ಅಂದಿದ್ದರು. ಆ ಒಂದು ಮಾತಿಗೆ ಅಕ್ಕ ಒಳಗೊಳಗೇ ಉಬ್ಬಿ ಹೂಂ ಅಂದುಬಿಟ್ಟಿದ್ದಳು.

ಊರಲ್ಲಿ ಅವಳಿಗಿಂತ ಹಿರಿಯರೂ ಅವಳನ್ನು ಸ್ಟುಡಿಯೋ ಅಕ್ಕ ಅಂತಲೇ ಕರೆಯುತ್ತಿದ್ದರು. ಒಂದು ಉದ್ದನೆಯ ಕಿರಿದಾದ ಕೋಣೆ, ಕೊನೆಯಲ್ಲಿ ಬಿಳಿ ಪರದೆ, ಅದರ ಮುಂದೆ ಮೇಲೆ ಕೆಳಗೆ ತಿರುಗಿಸುವ ಒಂದು ಸ್ಟೂಲು, ಎರಡು ಕಡೆ ಬಿಳಿ ಛತ್ರಿಯ ದೀಪ, ಗೋಡೆಗೆ ಹಲ್ಲು ಮುರಿದ ಬಾಚಣಿಗೆ ಸಿಕ್ಕಿಸಿದ ಕನ್ನಡಿ. “ಗಲ್ಲ ಸ್ವಲ್ಪ ಕೆಳಗೆ. ಇಲ್ಲಿ ನೋಡಿ. ಅಲ್ಲಾಡಬೇಡಿ.” ಈ ಮೂರು ಮಾತು ಅವಳ ಬಾಯಿಂದ ದಿನಕ್ಕೆ ಎಷ್ಟು ಸಲ ಬರುತ್ತಿದ್ದವೋ ಲೆಕ್ಕ ಇಟ್ಟವರಿಲ್ಲ.

ಹುಡುಗಿ ಗಂಟು ಬಿಚ್ಚಿ ಒಂದು ಬೆಡ್‌ಶೀಟನ್ನು ಕೊಡವಿ ನೆಲದ ಮೇಲೆ ಹಾಸಿದಳು. ಗಾಢ ನೀಲಿ ಬಟ್ಟೆ. ನಡುವೆ ಬೆಳ್ಳಗೆ ಒಂದು ಮನುಷ್ಯಾಕಾರ, ಮಗ್ಗುಲಾಗಿ ಮೊಣಕಾಲು ಮಡಚಿಕೊಂಡು ಮಲಗಿದ್ದು. ಕಣ್ಣಿಲ್ಲ, ಮೂಗಿಲ್ಲ. ಆದರೂ ಅದು ಗಂಡಸಲ್ಲ, ಎಳೆಯದಲ್ಲ, ದಣಿದ ಹೆಂಗಸು ಅಂತ ಒಂದೇ ನೋಟಕ್ಕೆ ಗೊತ್ತಾಗುತ್ತಿತ್ತು.

“ಯಾರಿದು?”

“ನಮ್ಮಮ್ಮ.”

“ಯಾವ ಕ್ಯಾಮೆರಾದಲ್ಲಿ ತೆಗೆದೆ?”

“ಕ್ಯಾಮೆರಾ ಇಲ್ಲ ಅಕ್ಕ. ಎರಡು ಥರದ ಪುಡಿ ನೀರಲ್ಲಿ ಕಲಸಿ ಬಟ್ಟೆಗೆ ಬಳಿದು ಕತ್ತಲಲ್ಲಿ ಒಣಗಿಸ್ತೀನಿ. ಆಮೇಲೆ ಬಿಸಿಲಲ್ಲಿ ಹಾಸಿ ಅದರ ಮೇಲೆ ಮಲಗೋದು. ಬಿಸಿಲು ಬಿದ್ದ ಕಡೆ ನೀಲಿ ಆಗುತ್ತೆ, ಮೈ ಮುಚ್ಚಿದ ಕಡೆ ಬೆಳ್ಳಗೆ ಉಳಿಯುತ್ತೆ. ಇಪ್ಪತ್ತು ನಿಮಿಷ ಸಾಕು. ನೀರಲ್ಲಿ ಜಾಲಿಸಿದ್ರೆ ಮುಗೀತು.”

“ಇದು ಫೋಟೋ ಅಲ್ಲಮ್ಮ, ಬಟ್ಟೆಗೆ ಬಣ್ಣ ಹಾಕೋದು.”

“ಫೋಟೋ ಬರೆಯೋದು ಬೆಳಕೇ ಅಲ್ವಾ ಅಕ್ಕ? ಇಲ್ಲೂ ಅದೇ ತಾನೆ ಬರೆದಿರೋದು?”

ಈ ಎದುರುತ್ತರಕ್ಕೆ ಅಕ್ಕನಿಗೆ ಸಿಟ್ಟು ಬಂತು. ಸಂಘಕ್ಕೆ ಫೋನ್ ಮಾಡಿ, ಈ ಹುಡುಗಿಯನ್ನು ಬೇರೆ ಯಾರಿಗಾದರೂ ಒಪ್ಪಿಸಿ ಅಂದುಬಿಡೋಣ ಅಂದುಕೊಂಡಳು. ಹುಡುಗಿ ಮಾತ್ರ ತನ್ನ ಪಾಡಿಗೆ ತಾನು ಶೀಟಿನ ಸುಕ್ಕು ನೀವುತ್ತ ಹೇಳುತ್ತಲೇ ಇದ್ದಳು. “ನಾನು ದೊಡ್ಡಾಸ್ಪತ್ರೆ ಲಾಂಡ್ರಿಲಿ ಕೆಲಸ ಮಾಡ್ತೀನಿ. ದಿನಾ ನೂರಾರು ಶೀಟ್ ಬರುತ್ತೆ. ಬರುವಾಗ ಒಂದೊಂದರಲ್ಲೂ ಯಾರೋ ಮಲಗಿದ್ದ ಗುರುತು ಇರುತ್ತೆ. ನಾವು ಒಗೆದು, ಇಸ್ತ್ರಿ ಹಾಕಿ, ಯಾರೂ ಮಲಗೇ ಇರಲಿಲ್ಲ ಅನ್ನೋ ಹಾಗೆ ಮಡಚಿ ಕಳಿಸ್ತೀವಿ. ಒಂದಾದ್ರೂ ಉಳೀಲಿ ಅನ್ನಿಸ್ತು. ಹರಿದದ್ದನ್ನ ಎಸೀತಾರಲ್ಲ, ಅವನ್ನ ಕೇಳಿ ತಗೊಂಡು ಹೊಲಿದೆ.”

ಆಗ ಕೋಣೆಯ ಪಕ್ಕದ ಬಾಗಿಲಿನ ಪರದೆ ಹಿಂದಿನಿಂದ ಒಂದು ಮೆಲ್ಲಗಿನ ದನಿ ಬಂತು.

“ಇವಳೇ, ಅದನ್ನ ಸ್ವಲ್ಪ ಇಲ್ಲಿ ತಾ, ನೋಡೋಣ.”

ಅದು ಅಕ್ಕನ ಯಜಮಾನರು. ಮೂವತ್ತೈದು ವರ್ಷ ಇದೇ ಬೀದಿಯ ಮೂಲೆಯಲ್ಲಿ ಗಡಿಯಾರ ರಿಪೇರಿ ಮಾಡಿದವರು. ಅಕ್ಕಿಕಾಳಿಗಿಂತ ಸಣ್ಣ ತಿರುಪನ್ನು ಚಿಮುಟದಲ್ಲಿ ಹಿಡಿದು ಉಸಿರು ಕಟ್ಟಿ ಕೂರಿಸುತ್ತಿದ್ದ ಕೈ ಅದು. ಎಂಟು ವರ್ಷದ ಹಿಂದೆ ಬಲಗೈ ನಡುಗಲು ಶುರುವಾಯಿತು. ಮೊದಲು ಹೆಬ್ಬೆರಳು, ಆಮೇಲೆ ಮುಂಗೈ. ಔಷಧಿಯಿಂದ ಕಡಿಮೆಯಾಯಿತೇ ಹೊರತು ನಿಲ್ಲಲಿಲ್ಲ. ಅಂಗಡಿ ಮುಚ್ಚಿದರು. ಅಂದಿನಿಂದ ಸ್ಟುಡಿಯೋಗೆ ಅಂಟಿಕೊಂಡ ಮನೆಯ ಕೋಣೆಯಲ್ಲಿ, ಪರದೆಯ ಹಿಂದೆ ಕೂತುಬಿಟ್ಟಿದ್ದರು. ಗಿರಾಕಿ ಇದ್ದರೆ ಹೊರಗೆ ಮುಖ ತೋರಿಸುತ್ತಿರಲಿಲ್ಲ. ಸಂತೆಗೋ ಡಾಕ್ಟರ ಹತ್ತಿರವೋ ಹೋಗಲೇಬೇಕಾದಾಗ ಅಕ್ಕ ಅವರ ಬಲಗೈಯನ್ನು ತನ್ನ ಕೈಯಲ್ಲಿ ಬಿಗಿಯಾಗಿ ಹಿಡಿದುಕೊಂಡು ನಡೆಯುತ್ತಿದ್ದಳು. ನೋಡಿದವರು ಈ ವಯಸ್ಸಲ್ಲೂ ಎಷ್ಟು ಪ್ರೀತಿ ಅಂದುಕೊಳ್ಳುತ್ತಿದ್ದರು. ಪ್ರೀತಿ ಇತ್ತು, ಇಲ್ಲ ಅನ್ನುವ ಹಾಗಿಲ್ಲ. ಆದರೆ ಕೈ ಹಿಡಿಯುತ್ತಿದ್ದದ್ದು ನಡುಕ ಕಾಣಬಾರದು ಅಂತ.

ಹುಡುಗಿ ಪರದೆ ಸರಿಸಿ ಶೀಟನ್ನು ಅವರ ತೊಡೆಯ ಮೇಲೆ ಹರಡಿದಳು. ಅವರು ಮೇಜಿನ ಡ್ರಾಯರಿನಿಂದ ಕಣ್ಣಿಗೆ ಸಿಕ್ಕಿಸುವ ಹಳೆಯ ಭೂತಗನ್ನಡಿ ತೆಗೆದು, ಎಡಗೈಯಲ್ಲಿ ಬಟ್ಟೆ ಎತ್ತಿ, ಅಂಚನ್ನೇ ಬಹಳ ಹೊತ್ತು ನೋಡಿದರು.

“ಕೆಲವು ಕಡೆ ಗೆರೆ ಚೂಪಾಗಿದೆ, ಕೆಲವು ಕಡೆ ಮಸುಕು. ಯಾಕೆ?”

“ಮಸುಕಾಗಿರೋದು ಅಮ್ಮ ಉಸಿರಾಡಿದ ಕಡೆ. ಹೊಟ್ಟೆ, ಬೆನ್ನು.”

“ಅಂದ್ರೆ ಉಸಿರೂ ಬಿದ್ದಿದೆ ಅನ್ನು.” ಅವರು ಭೂತಗನ್ನಡಿ ತೆಗೆದು ಅಕ್ಕನ ಕಡೆ ತಿರುಗಿದರು. “ಇವಳನ್ನ ಬಿಡಬೇಡ, ಇಟ್ಕೋ.” ಆಮೇಲೆ ಹುಡುಗಿಯ ಉಗುರು ನೋಡಿದರು. ಹತ್ತೂ ಉಗುರಿನ ಸಂದಿಯಲ್ಲಿ ನೀಲಿ ಕೂತಿತ್ತು. “ನಿನ್ನ ಹೆಸರೇನಾದ್ರೂ ಇರಲಿ, ನಾನು ನೀಲಿ ಅಂತೀನಿ.”

“ಅನ್ನಿ ಭಾವ,” ಅಂದಳು ಹುಡುಗಿ ಸರಾಗವಾಗಿ. ಅಕ್ಕನ ಗಂಡ ಭಾವ ಅಲ್ಲದೆ ಇನ್ನೇನು?

“ಕೇಳಿದೆಯೇನೇ? ಅರವತ್ತನಾಲ್ಕನೇ ವಯಸ್ಸಲ್ಲಿ ನನಗೊಬ್ಬಳು ನಾದಿನಿ ಸಿಕ್ಕಿದಳು!”

ಅವರು ಹಾಗೆ ತಮಾಷೆ ಮಾಡಿ ಎಷ್ಟೋ ತಿಂಗಳಾಗಿತ್ತು. ಅಕ್ಕ ಸಂಘಕ್ಕೆ ಫೋನ್ ಮಾಡಲಿಲ್ಲ.

ಮೂರನೆಯ ವಾರವೇ ತಾಪತ್ರಯ ಶುರುವಾಯಿತು. ನೀಲಿ ಬಂದವಳು ಗಂಟು ಬಿಚ್ಚದೆ ಮೂಲೆಯಲ್ಲಿ ಕೂತಳು. ಏನಾಯಿತೆಂದು ಎರಡು ಸಲ ಕೇಳಿದ ಮೇಲೆ ಅಮ್ಮನ ಶೀಟನ್ನು ತೆಗೆದು ತೋರಿಸಿದಳು. ನೀಲಿ ಬಣ್ಣ ಅಲ್ಲಲ್ಲಿ ಸತ್ತು ಹೋಗಿ ಹಳದಿ ಮಿಶ್ರಿತ ಕಂದು ಕಲೆಗಳಾಗಿತ್ತು. ಉಳಿದ ನಾಲ್ಕು ಶೀಟಿನದೂ ಅದೇ ಪಾಡು. “ಎಲ್ಲಾ ಹೋಯ್ತು ಅಕ್ಕ. ನನ್ನ ಕೈಗುಣವೇ ಸರಿ ಇಲ್ಲ.”

“ಕೈಗುಣ ಅಂತೆ! ಸುಮ್ಮನಿರು. ಕಾರಣ ಇಲ್ಲದೆ ಯಾವ ಬಣ್ಣವೂ ಹೋಗಲ್ಲ.”

ಅಕ್ಕ ಮೇಲಿನ ಅಟ್ಟಕ್ಕೆ ಏಣಿ ಹಾಕಿಸಿದಳು. ಫಿಲ್ಮ್ ಕಾಲದ ಡಾರ್ಕ್‌ರೂಮ್ ಸಾಮಾನು ಹದಿನೈದು ವರ್ಷದಿಂದ ಅಲ್ಲಿ ಧೂಳು ತಿನ್ನುತ್ತಿತ್ತು: ಬಿಳಿ ತಟ್ಟೆಗಳು, ಅಳತೆ ಲೋಟಗಳು, ಇಕ್ಕಳ, ಕೆಂಪು ದೀಪ. ಗಂಟಿನಲ್ಲಿದ್ದ, ಇನ್ನೂ ಬಳಿಯದ ಒಂದು ಶೀಟನ್ನು ಪರ್ ಅಂತ ಹರಿದಾಗ ನೀಲಿ ಹೌಹಾರಿದಳು. ಅಕ್ಕ ಹರಿಯುತ್ತಲೇ ಹೋಗಿ, ಗೇಣುದ್ದದ ಪಟ್ಟಿಗಳನ್ನು ಮಾಡಿ, ಒಂದೊಂದರ ಮೇಲೂ ನಂಬರ್ ಬರೆದಳು. “ಫಿಲ್ಮ್ ಕಾಲದಲ್ಲಿ ಒಂದು ದೊಡ್ಡ ಪ್ರಿಂಟ್ ಹಾಕೋ ಮುಂಚೆ ಹೀಗೇ ಪಟ್ಟಿ ಮಾಡಿ ನೋಡ್ತಿದ್ವಿ. ಪೂರ್ತಿ ಹಾಳು ಮಾಡಿಕೊಂಡು ಅಳೋದಕ್ಕಿಂತ ಚೂರು ಹಾಳು ಮಾಡಿ ನೋಡೋದು ವಾಸಿ.” ಒಂದು ಪಟ್ಟಿಯನ್ನು ಬರೀ ನೀರಲ್ಲಿ ತೊಳೆದು ಬಳಿದರು, ಇನ್ನೊಂದನ್ನು ಬಿಸಿನೀರಲ್ಲಿ, ಮತ್ತೊಂದನ್ನು ಲಾಂಡ್ರಿಯಿಂದ ಬಂದ ಹಾಗೇ. ನಾಲ್ಕು ಶನಿವಾರ ಇದೇ ಕೆಲಸ. ಕೊನೆಗೆ ಗೊತ್ತಾಯಿತು: ಆಸ್ಪತ್ರೆಯಲ್ಲಿ ಒಗೆಯಲು ಹಾಕುವ ಸೋಡಾ ನೂಲಿನೊಳಗೆ ಉಳಿದುಕೊಂಡು ನೀಲಿ ಬಣ್ಣವನ್ನು ಒಳಗಿಂದಲೇ ತಿನ್ನುತ್ತಿತ್ತು. ಶೀಟನ್ನು ಮೊದಲು ವಿನೆಗರ್ ಹಾಕಿದ ನೀರಲ್ಲಿ ಒಂದು ದಿನ ನೆನೆಸಿ, ಆರು ನೀರಲ್ಲಿ ಜಾಲಿಸಿ ಆಮೇಲೆ ಬಳಿದರೆ ಬಣ್ಣ ಗಟ್ಟಿ ನಿಲ್ಲುತ್ತಿತ್ತು. ಏಳನೆಯ ನಂಬರಿನ ಪಟ್ಟಿ ಒಂದು ತಿಂಗಳಾದರೂ ಮಾಸದೆ ಉಳಿದ ದಿನ ಅಕ್ಕ ಅದನ್ನು ಕಿಟಕಿಗೆ ಹಿಡಿದು ತಿರುಗಿಸಿ ತಿರುಗಿಸಿ ನೋಡಿದಳು. ಗಿರಾಕಿಯೊಬ್ಬರು ಸ್ಟೂಲಿನ ಮೇಲೆ ಕಾಯುತ್ತ ಕೂತಿದ್ದು ಅವಳಿಗೆ ಮರೆತೇ ಹೋಗಿತ್ತು.

ಅಕ್ಕ ಕಲಿಸಿದ ಇನ್ನೊಂದು ವಿಷಯಕ್ಕೆ ಪಟ್ಟಿ ಬೇಕಾಗಲಿಲ್ಲ. ಒಂದು ಶನಿವಾರ ನೀಲಿ ಆಸ್ಪತ್ರೆಯ ಒಬ್ಬ ಆಯಾಳನ್ನು ಸ್ಟುಡಿಯೋ ಮೇಲಿನ ಬಯಲು ಮಹಡಿಗೆ ಕರೆದುಕೊಂಡು ಬಂದು, ಶೀಟು ಹಾಸಿ, “ಮಲಗಿ” ಅಂದಳು. ಆಯಾ ಮಲಗಿದಳು, ಮರದ ಹಲಗೆಯ ಹಾಗೆ, ಕೈ ಎರಡೂ ಪಕ್ಕಕ್ಕೆ ಚಾಚಿ. ಶೀಟಿನಲ್ಲಿ ಬಂದದ್ದೂ ಹಲಗೆಯೇ.

“ಬಂದವರನ್ನ ಏಕ್‌ದಂ ಮಲಗಿ ಅಂದ್ರೆ ಯಾರು ತಾನೆ ಮಲಗ್ತಾರೆ?” ಅಂದಳು ಅಕ್ಕ ಆಮೇಲೆ. “ಮೊದಲು ಕೂರಿಸು. ಒಂದು ಲೋಟ ನೀರು ಕೊಡು. ನಿಮಗೆ ಯಾವ ಮಗ್ಗುಲಲ್ಲಿ ನಿದ್ದೆ ಬರುತ್ತೆ ಅಂತ ಕೇಳು. ಕೈ ತಲೆ ಕೆಳಗೆ ಇಟ್ಕೊಳ್ತಾರಾ, ಎದೆ ಮೇಲಾ, ಕೇಳು. ಮುಖ ಇಲ್ಲದ ಫೋಟೋ ನಿಂದು. ಹಾಗಾದ್ರೆ ಮುಖ ಮಾಡೋ ಕೆಲಸ ಎಲ್ಲಾ ಮೈಯೇ ಮಾಡಬೇಕು.”

ಮುಂದಿನ ವಾರ ಅದೇ ಆಯಾ ಮತ್ತೆ ಬಂದಳು. ನೀರು ಕುಡಿದಳು, ತನ್ನ ಮೂರು ಮಕ್ಕಳನ್ನು ಒಂದೇ ಹಾಸಿಗೆಯಲ್ಲಿ ಮಲಗಿಸಿಕೊಂಡು ಬೆಳೆಸಿದ್ದು ಹೇಳಿದಳು, ಆಮೇಲೆ ಗೊತ್ತಿಲ್ಲದೆಯೇ ಶೀಟಿನ ಅಂಚಿಗೆ ಒತ್ತರಿಸಿಕೊಂಡು, ಪಕ್ಕದಲ್ಲಿ ಅಷ್ಟಗಲ ಜಾಗ ಬಿಟ್ಟು ಮಲಗಿದಳು. ತೊಳೆದು ಹರವಿದ ಶೀಟಿನಲ್ಲಿ ಅವಳು ಬಿಟ್ಟ ಜಾಗವನ್ನು ಅಕ್ಕ ಬೆರಳಲ್ಲಿ ಸವರಿದಳು. ಮಕ್ಕಳು ಇರಲೇ ಇಲ್ಲ, ಆದರೂ ಇದ್ದರು.

“ಇದು ಫೋಟೋನಾ ಅಕ್ಕ?” ಅಂತ ನೀಲಿ ಕೀಟಲೆ ಮಾಡಿದಳು.

“ಹೋಗೇ, ಬಕೆಟ್ ತೊಳೆದಿಡು,” ಅಂದಳು ಅಕ್ಕ.

ಹೀಗೆ ಎಂಟು ತಿಂಗಳು ಚೆನ್ನಾಗೇ ಹೋಯಿತು. ಎಡವಟ್ಟಾದದ್ದು ಒಂದೇ ಒಂದು ಪ್ರಶ್ನೆಯಿಂದ. ಪ್ರದರ್ಶನಕ್ಕೆ ಆರು ಶೀಟು ಆಗಿತ್ತು, ಏಳನೆಯದು ಬೇಕಿತ್ತು. ಪಾತ್ರೆ ಒರೆಸುತ್ತಿದ್ದ ಅಕ್ಕನ ಹತ್ತಿರ ನಿಂತು ನೀಲಿ ತಗ್ಗಿದ ದನಿಯಲ್ಲಿ ಕೇಳಿದಳು: “ಅಕ್ಕ, ಭಾವನ್ನ ಮಲಗಿಸಲಾ? ಅವರ ಕೈ ಬಟ್ಟೆ ಮೇಲೆ ಹೇಗೆ ಬರುತ್ತೆ ನೋಡಬೇಕು ಅಂತ ತುಂಬ ದಿನದಿಂದ ಆಸೆ.”

ಅಕ್ಕನ ಕೈಯಲ್ಲಿದ್ದ ತಟ್ಟೆ ಸಿಂಕಿಗೆ ಬಿತ್ತು. “ನಮ್ಮ ಮನೆಯವರ ಕಾಯಿಲೆ ನಿನಗೆ ಪ್ರದರ್ಶನದ ಸಾಮಾನಾ? ಇಷ್ಟು ದಿನ ಅದಕ್ಕೇನಾ ಭಾವ ಭಾವ ಅಂತ ಹಿಂದೆ ಮುಂದೆ ಸುತ್ತಿದ್ದು?”

ನೀಲಿಯ ಮುಖ ಕಪ್ಪಿಟ್ಟಿತು. ಚಪ್ಪಲಿ ಮೆಟ್ಟಿಕೊಂಡು ಹೋದಳು. ಮುಂದಿನ ಶನಿವಾರ ಬರಲಿಲ್ಲ. ಅದರ ಮುಂದಿನದಕ್ಕೂ ಬರಲಿಲ್ಲ.

ಅಕ್ಕ ಅಷ್ಟು ಸಿಡಿದದ್ದಕ್ಕೆ ಕಾರಣ ಇತ್ತು. ಅದನ್ನು ಅವಳು ಯಾರಿಗೂ ಹೇಳಿರಲಿಲ್ಲ. ಎರಡು ವರ್ಷದ ಹಿಂದೆ ಯಜಮಾನರ ಗುರುತಿನ ಚೀಟಿ ಹೊಸದು ಮಾಡಿಸಬೇಕಾಗಿ ಬಂದು, ಅವಳೇ ಸ್ಟೂಲಿನ ಮೇಲೆ ಕೂರಿಸಿ ಫೋಟೋ ತೆಗೆದಿದ್ದಳು. ಕಾಯಿಲೆ ಅಷ್ಟು ಹೊತ್ತಿಗೆ ಮುಖಕ್ಕೂ ಬಂದಿತ್ತು. ಒಳಗೆ ನಗು ಬಂದರೂ ತುಟಿಗೆ ಬರಲು ತಡವಾಗುತ್ತಿತ್ತು. ಕಂಪ್ಯೂಟರಿನಲ್ಲಿ ಕಂಡ ಮುಖ ಅವಳಿಗೆ ನೋಡಲಾಗಲಿಲ್ಲ. ಬೇರೆಯವರ ಮೊಡವೆ ಅಳಿಸುವ ಹಾಗೇ, ಯೋಚಿಸದೆ, ತುಟಿಯ ಎರಡು ಕೊನೆಯನ್ನು ಕೂದಲೆಳೆಯಷ್ಟು ಮೇಲೆತ್ತಿದಳು. ಚೆನ್ನಾಗಿ ಬಂದಿದೆ ನೋಡಿ ಅಂತ ಕೊಟ್ಟಳು. ಗಡಿಯಾರದವರ ಕಣ್ಣಿಗೆ ಕೂದಲೆಳೆ ದೊಡ್ಡದು. ಅವರು ಫೋಟೋ ನೋಡಿ, “ನಾನು ನಕ್ಕಿರಲಿಲ್ಲ ಕಣೇ,” ಅಂದರು. ಅಷ್ಟೇ. ಬೈಯಲಿಲ್ಲ. ಆಮೇಲೆ ಯಾವ ಫೋಟೋಗೂ ಕೂರಲಿಲ್ಲ. ಅವಳೂ ಕೇಳಲಿಲ್ಲ.

ಎರಡನೆಯ ಶನಿವಾರ ಮಧ್ಯಾಹ್ನ ಅವರೇ ಕೇಳಿದರು. “ನೀಲಿ ಯಾಕೆ ಬರ್ತಿಲ್ಲ?”

“ಕೆಲಸ ಇರಬೇಕು.”

“ನನಗೆ ಕೈ ನಡುಗುತ್ತೆ, ಕಿವಿ ಚೆನ್ನಾಗೇ ಇದೆ. ಅವತ್ತು ಅಡುಗೆಮನೆಯಲ್ಲಿ ನೀನು ಕೂಗಾಡಿದ್ದು ಕೇಳಿಸ್ತು. ಮಲಗಿಸೋದು ನನ್ನನ್ನ. ಬೇಡ ಅಂದವಳು ನೀನು. ಮಧ್ಯದಲ್ಲಿ ನನ್ನನ್ನ ಯಾರೂ ಕೇಳಲೇ ಇಲ್ಲವಲ್ಲ?”

“ಜನ ನೋಡ್ತಾರೆ ರೀ.”

“ನೋಡಲಿ. ಎಂಟು ವರ್ಷದಿಂದ ನೀನು ಮುಚ್ಚಿಡ್ತಿದ್ದೀಯ, ನಾನೂ ಬಚ್ಚಿಟ್ಟುಕೊಳ್ತಿದ್ದೀನಿ. ನನಗೆ ಸಾಕಾಗಿದೆ ಕಣೇ. ನಿನಗೆ ಸಾಕಾಗಿಲ್ವಾ?”

ಅಕ್ಕ ಸೆರಗಿನ ತುದಿಯನ್ನು ಬೆರಳಿಗೆ ಸುತ್ತುತ್ತ ಕೂತಳು. ಆಮೇಲೆ ಎದ್ದು ಸ್ಟುಡಿಯೋ ಬಾಗಿಲಿಗೆ ಬೀಗ ಹಾಕಿ, ಕೊಡೆ ಹಿಡಿದು ಹೊರಟಳು.

ಆಸ್ಪತ್ರೆಯ ಲಾಂಡ್ರಿ ನೆಲಮಾಳಿಗೆಯಲ್ಲಿತ್ತು. ಇಳಿಯುತ್ತಿದ್ದಂತೆ ಆವಿ ಮುಖಕ್ಕೆ ಹೊಡೆಯಿತು. ದೊಡ್ಡ ದೊಡ್ಡ ತೊಳೆಯುವ ಡ್ರಮ್ಮುಗಳ ಗದ್ದಲದಲ್ಲಿ ಮಾತಿರಲಿ, ಕೂಗೂ ಕೇಳುವಂತಿರಲಿಲ್ಲ. ಇಸ್ತ್ರಿ ಮಾಡುವ ಬಿಸಿ ಉರುಳೆಯ ಒಂದು ಬದಿಯಲ್ಲಿ ಇಬ್ಬರು ಹೆಂಗಸರು ಒದ್ದೆ ಶೀಟು ತೂರಿಸುತ್ತಿದ್ದರು. ಇನ್ನೊಂದು ಬದಿಯಲ್ಲಿ ನೀಲಿ ಮತ್ತೊಬ್ಬಳೊಂದಿಗೆ ಅದನ್ನು ಹಿಡಿದು, ಎಳೆದು, ಮಡಚಿ, ಎದೆಗೆ ಎದೆ ತಾಗುವಷ್ಟು ಹತ್ತಿರ ಬಂದು, ಮತ್ತೆ ದೂರ ಸರಿದು ಇನ್ನೊಂದನ್ನು ಹಿಡಿಯುತ್ತಿದ್ದಳು. ಕೂದಲೆಲ್ಲ ಹಣೆಗೆ ಅಂಟಿತ್ತು. ಈ ಕೆಲಸ ಮುಗಿಸಿಕೊಂಡು ಬಂದು ಹುಡುಗಿ ತನ್ನ ಮಹಡಿಯಲ್ಲಿ ಮತ್ತೆ ಶೀಟು ಒಗೆಯುತ್ತಿದ್ದಳಲ್ಲ ಅಂತ ಅಕ್ಕನಿಗೆ ಆಗ ಹೊಳೆಯಿತು.

ನೀಲಿ ಅವಳನ್ನು ಕಂಡು ಗಾಬರಿಯಾದಳು. “ಭಾವ ಹುಷಾರಾಗಿದ್ದಾರಾ?”

“ಅವರಿಗೇನೂ ಆಗಿಲ್ಲ. ನನಗೇ ಬುದ್ಧಿ ಕೆಟ್ಟಿತ್ತು,” ಅಂತ ಅಕ್ಕ ಗದ್ದಲದ ಮೇಲೆ ಕೂಗಿದಳು. “ಬಾ ಅಂತ ಕರೆಯೋಕೆ ಬಂದೆ. ಭಾವನೇ ಒಪ್ಪಿದ್ದಾರೆ.”

“ಏನಂದ್ರಿ? ಕೇಳಿಸ್ತಿಲ್ಲ!”

“ತಪ್ಪಾಯ್ತು ಅಂದೆ!”

ಅದು ಸರಿಯಾಗಿ ಕೇಳಿಸಿತು. ನೀಲಿಗೆ ಮಾತ್ರವಲ್ಲ, ಉರುಳೆಯ ಆಚೆಯಿದ್ದ ಹೆಂಗಸರಿಗೂ. ಅವರು ಕೈ ನಿಲ್ಲಿಸಿ ನೋಡಿದರು. ನೀಲಿ ಮುಖ ಒರೆಸಿಕೊಳ್ಳುವ ನೆಪದಲ್ಲಿ ಕಣ್ಣು ಒರೆಸಿಕೊಂಡಳು.

ಮುಂದಿನ ಭಾನುವಾರ ಬೆಳಿಗ್ಗೆ ಹನ್ನೊಂದಕ್ಕೆ ಮಹಡಿಯಲ್ಲಿ ಸಿದ್ಧತೆ ನಡೆಯಿತು. ಯಜಮಾನರಿಗೆ ಕೂತು ಮಲಗಲು ಮೂರು ನಾಲ್ಕು ನಿಮಿಷವಾದರೂ ಬೇಕು. ಅಷ್ಟರಲ್ಲಿ ಬಟ್ಟೆ ಬಿಸಿಲು ಕುಡಿದುಬಿಟ್ಟರೆ? ಅದಕ್ಕೆ ಅಕ್ಕ ಹಳೆಯ ಕಪ್ಪು ಪರದೆಯನ್ನು ಬಟ್ಟೆ ಒಣಗಿಸುವ ಕಂಬಗಳಿಗೆ ಡೇರೆಯ ಹಾಗೆ ಕಟ್ಟಿದಳು. ಅದರ ಕತ್ತಲಲ್ಲಿ ಶೀಟು ಹಾಸಿ, ಯಜಮಾನರನ್ನು ನಿಧಾನವಾಗಿ ಕೂರಿಸಿ, ಮಲಗಿಸಿದರು. ಕಣ್ಣಿಗೆ ಬಿಸಿಲು ಬಡಿಯದಂತೆ ಒಂದು ಕರ್ಚೀಫು ಮುಚ್ಚಿದರು.

“ಪಕ್ಕದಲ್ಲಿ ಇನ್ನೂ ಜಾಗ ಇದೆ,” ಅಂದರು ಅವರು ಕರ್ಚೀಫಿನ ಕೆಳಗಿಂದ. “ಅಷ್ಟು ದೊಡ್ಡ ಶೀಟಲ್ಲಿ ನಾನೊಬ್ಬನೇ ಏನು ಮಾಡಲಿ?”

“ನಾನು ಮಲಗಿದ್ರೆ ಬೆಳಕು ನೋಡೋರು ಯಾರು? ಟೈಮ್ ನೋಡೋರು ಯಾರು?”

“ನಾನಿಲ್ವಾ?” ಅಂದಳು ನೀಲಿ. “ಎಂಟು ತಿಂಗಳು ಕಲಿಸಿದ್ದೀರಲ್ಲ. ನಂಬಿಕೆ ಇಲ್ವಾ?”

ಅಕ್ಕ ಆ ಕಡೆ ಈ ಕಡೆ ನೋಡಿದಳು. ಆಮೇಲೆ ಕನ್ನಡಕ ತೆಗೆದು ನೀಲಿಯ ಕೈಗೆ ಕೊಟ್ಟು, ಸೀರೆ ಸರಿಮಾಡಿಕೊಂಡು ಅವರ ಬಲಮಗ್ಗುಲಿಗೆ ಮಲಗಿದಳು. ಮೂವತ್ತೆರಡು ವರ್ಷ ಜನರನ್ನು ಕೂರಿಸಿದವಳಿಗೆ ತನ್ನ ಕೈ ಕಾಲು ಎಲ್ಲಿಡಬೇಕು ಅಂತ ತಿಳಿಯದೆ ಹೋಯಿತು. ನೀಲಿ ಬಗ್ಗಿ, “ಅಕ್ಕ, ನಿಮಗೆ ಯಾವ ಮಗ್ಗುಲಲ್ಲಿ ನಿದ್ದೆ ಬರುತ್ತೆ?” ಅಂತ ಕೇಳಿದಳು. ಅಕ್ಕನಿಗೆ ನಗು ಬಂತು. ಎಡಕ್ಕೆ, ಅವರ ಕಡೆಗೆ, ತಿರುಗಿದಳು.

ಕಪ್ಪು ಪರದೆ ಒಂದೇ ಏಟಿಗೆ ಸರಿಯಿತು. ಬಿಸಿಲು ಮೈಮೇಲೆ ಬಿತ್ತು. ಯಜಮಾನರ ಬಲಗೈ ಇಬ್ಬರ ನಡುವೆ ಬಟ್ಟೆಯ ಮೇಲೆ ನಡುಗಲು ಶುರುಮಾಡಿತು. ಯಾರಾದರೂ ನೋಡುವಾಗ ಅದು ಯಾವತ್ತೂ ಸ್ವಲ್ಪ ಹೆಚ್ಚೇ. ಅಕ್ಕನ ಬಾಯಿಂದ ರೂಢಿಯಂತೆ, “ರೀ, ಅಲ್ಲಾಡಬೇಡಿ,” ಅಂತ ಬಂದೇಬಿಟ್ಟಿತು.

“ಅಲ್ಲಾಡಲಿ ಭಾವ, ಅಲ್ಲಾಡಲಿ,” ಅಂದಳು ನೀಲಿ. “ಅದಕ್ಕೇ ಬಂದಿರೋದು ನಾವು.”

ಅಕ್ಕ ಅವರ ಕೈ ಹಿಡಿಯಲು ಹೋದಳು. ಎಂಟು ವರ್ಷದ ಅಭ್ಯಾಸ.

“ಹಿಡೀಬೇಡ ಕಣೇ. ಇವತ್ತೊಂದಿನ ಬಿಡು.”

ಬಿಟ್ಟಳು. ತನ್ನ ಕೈಯನ್ನು ಅದರ ಪಕ್ಕದಲ್ಲಿ ಸುಮ್ಮನೆ ಇಟ್ಟಳು. ಅವರ ಕಿರುಬೆರಳು ಅವಳ ಬೆರಳಿನ ಬದಿಗೆ ಬಡಿಯುತ್ತ ಹೋಯಿತು, ಮೆತ್ತಗೆ, ಒಂದೇ ಸಮನೆ. ಅದನ್ನು ತಡೆಯಬೇಕಾಗಿಲ್ಲದೆ ಅದರ ಪಕ್ಕದಲ್ಲಿ ಇರುವುದು ಹೇಗೆ ಅಂತ ಅವಳಿಗೆ ಅದುವರೆಗೂ ಗೊತ್ತಿರಲಿಲ್ಲ.

“ನಿನಗೊಂದು ವಿಷಯ ಹೇಳಿರಲಿಲ್ಲ,” ಅಂದರು ಅವರು. “ಹಳೇ ಕಾಲದ ಕೈಗಡಿಯಾರ ಇದೆಯಲ್ಲ, ಕೀಲಿ ಕೊಡೋದು, ಅದು ಸೆಕೆಂಡಿಗೆ ಐದು ಸಲ ಬಡಿಯುತ್ತೆ. ನಾನು ಎಣಿಸಿ ನೋಡಿದ್ದೀನಿ. ನನ್ನ ಕೈದೂ ಹೆಚ್ಚುಕಮ್ಮಿ ಅಷ್ಟೇ.”

“ಯಾವಾಗ ಎಣಿಸಿದ್ರಿ?”

“ಪರದೆ ಹಿಂದೆ ಕೂತವನಿಗೆ ಇನ್ನೇನು ಕೆಲಸ? ಇಪ್ಪತ್ತು ನಿಮಿಷಕ್ಕೆ ಆರು ಸಾವಿರ ಸಲ. ನೀಲಿ, ನಿನ್ನ ಬಟ್ಟೆ ತಡೆಯುತ್ತಾ?”

“ಅಕ್ಕ ಗಟ್ಟಿ ಮಾಡಿದ ಬಟ್ಟೆ ಭಾವ. ಲಕ್ಷ ಸಲ ಬಡಿದ್ರೂ ತಡೆಯುತ್ತೆ.”

ಆ ಫೋಟೋದ ತುಟಿಯ ವಿಷಯ ಅಕ್ಕನ ನಾಲಿಗೆ ತುದಿಗೆ ಬಂದಿತ್ತು. “ರೀ, ಅವತ್ತು ನಾನು ಹಾಗೆ ಮಾಡಬಾರದಿತ್ತು,” ಅಂತ ಕೊನೆಗೆ ಅಂದಳು. ಯಾವತ್ತು ಅಂತ ಅವರು ಕೇಳಲಿಲ್ಲ. “ಗೊತ್ತು ಬಿಡೇ. ನಿನಗೆ ನನ್ನ ನಗು ಬೇಕಾಗಿತ್ತು,” ಅಂದರು. ಮಹಡಿಯ ಇನ್ನೊಂದು ತುದಿಯಲ್ಲಿ ನೀಲಿ ಬೆನ್ನು ತಿರುಗಿಸಿ ನಿಂತು ಗಡಿಯಾರವನ್ನೇ ನೋಡುತ್ತಿದ್ದಳು.

ತೊಟ್ಟಿಯ ನೀರಲ್ಲಿ ಶೀಟನ್ನು ಅದ್ದಿದಾಗ ಹಳದಿ ಹಸಿರು ನೀರಾಗಿ ಹರಿದು ಹೋಯಿತು, ನೀಲಿ ಬಣ್ಣ ನಿಧಾನಕ್ಕೆ ಏರಿತು. ಮೂರೂ ಜನ ತೊಟ್ಟಿಯ ಸುತ್ತ ಬಗ್ಗಿ ನಿಂತರು. ಎರಡು ಬಿಳಿ ಮೈಗಳು ಒಂದರ ಪಕ್ಕ ಒಂದು. ನಡುವೆ ಅಕ್ಕನ ಕೈಯ ಗೆರೆ ಚೂಪಾಗಿ. ಅದರ ಪಕ್ಕ ಯಜಮಾನರ ಕೈ. ಅದಕ್ಕೆ ಒಂದು ಅಂಚಿರಲಿಲ್ಲ. ನಡುವೆ ಅಚ್ಚ ಬಿಳಿ, ಹೊರಗೆ ಹೊರಗೆ ಹೋದಂತೆ ತಿಳಿ ನೀಲಿ, ಇನ್ನೂ ತಿಳಿ ನೀಲಿ, ಪದರ ಪದರವಾಗಿ, ಕೊನೆಯ ಪದರ ಅಕ್ಕನ ಬೆರಳಿನ ಮೇಲೂ ಹರಡಿತ್ತು. ಯಜಮಾನರು ಭೂತಗನ್ನಡಿ ತರಿಸಿ ನೋಡಿದರು. “ಹೂಂ, ಇದು ನಾನೇ,” ಅಂದರು.

ಪ್ರದರ್ಶನದ ದಿನ ಏಳು ಶೀಟನ್ನು ಗ್ರಂಥಾಲಯದ ಹಾಲ್‌ನಲ್ಲಿ ತಂತಿಗೆ ತೂಗುಬಿಟ್ಟರು. ಸಂಘದ ಹಿರಿಯ ಸದಸ್ಯರೊಬ್ಬರು ಒಂದು ಸುತ್ತು ಹಾಕಿ ಮೂಗು ಮುರಿದರು. “ಚೆನ್ನಾಗಿದೆ, ಇಲ್ಲ ಅನ್ನಲ್ಲ. ಆದರೆ ಕ್ಯಾಮೆರಾ ಇಲ್ಲ, ಲೆನ್ಸ್ ಇಲ್ಲ. ಇದನ್ನ ಫೋಟೋ ಅಂತ ಹೇಗೆ ಕರೆಯೋದು ಅಕ್ಕ?”

ನೀಲಿ ಅಕ್ಕನ ಮುಖ ನೋಡಿದಳು.

“ನಾನೂ ಮೊದಲ ದಿನ ಇದನ್ನೇ ಕೇಳಿದೆ ಸಾರ್,” ಅಂದಳು ಅಕ್ಕ. “ಈಗ ಹೀಗಂದುಕೊಂಡಿದ್ದೀನಿ. ನಾನು ಇಷ್ಟು ವರ್ಷ ತೆಗೆದದ್ದರಲ್ಲಿ ಜನ ಉಸಿರು ಹಿಡಿದುಕೊಂಡಿದ್ದಾರೆ. ಇವಳದ್ದರಲ್ಲಿ ಉಸಿರು ಬಿಟ್ಟಿದ್ದಾರೆ. ಎರಡೂ ಫೋಟೋನೇ. ನಿಮಗೆ ಒಂದೇ ಸಾಕು ಅಂದ್ರೆ ನಿಮ್ಮಿಷ್ಟ.”

ಹಿರಿಯರು ತಲೆ ಆಡಿಸಿ, ಮತ್ತೊಂದು ಸುತ್ತು ನೋಡಲು ಹೋದರು. ಒಪ್ಪಿದರೋ ಇಲ್ಲವೋ, ಎರಡನೆಯ ಸುತ್ತಿಗೆ ಮೊದಲಿನದಕ್ಕಿಂತ ಹೆಚ್ಚು ಹೊತ್ತು ಹಿಡಿಯಿತು.

ಯಜಮಾನರು ಏಳನೆಯ ಶೀಟಿನ ಪಕ್ಕ ಒಂದು ಕುರ್ಚಿ ಹಾಕಿಸಿಕೊಂಡು ಕೂತಿದ್ದರು, ಬಲಗೈ ತೊಡೆಯ ಮೇಲೆ, ಎಲ್ಲರಿಗೂ ಕಾಣುವಂತೆ. ಮೊದಲ ಒಂದು ಗಂಟೆ ಯಾರೂ ಹತ್ತಿರ ಬರಲಿಲ್ಲ. ಸಂಜೆ ಪಾಳಿ ಮುಗಿಸಿ ಲಾಂಡ್ರಿಯ ಹೆಂಗಸರು ಕ್ಯಾಪು ಕೂಡ ತೆಗೆಯದೆ ಗುಂಪಾಗಿ ಬಂದರು. ಫೋಟೋ ನೋಡುವ ಮೊದಲು ಅವರು ಬಟ್ಟೆ ಮುಟ್ಟಿ ನೋಡಿದರು. “ಅಯ್ಯೋ, ಇದು ಮಕ್ಕಳ ವಾರ್ಡಿಂದಲ್ವೇನೇ? ಹೊಲಿಗೆ ನೋಡು, ನಾನೇ ಹಾಕಿದ್ದು!” ಅವರಲ್ಲಿ ಎಲ್ಲರಿಗಿಂತ ಹಿರಿಯಳು ಏಳನೆಯ ಶೀಟಿನ ಮುಂದೆ ನಿಂತು, ಬಟ್ಟೆಯ ಮೇಲಿನ ಕೈಯನ್ನೂ ಕುರ್ಚಿಯಲ್ಲಿದ್ದವರ ಕೈಯನ್ನೂ ನೋಡಿದಳು.

“ಇದು ನಿಮ್ದಾ ಅಣ್ಣ?”

“ನನ್ನದೇ ತಾಯಿ.”

“ನಮ್ಮ ಅಪ್ಪನಿಗೂ ಹೀಗೇ ಇತ್ತು,” ಅಂದಳು ಅವಳು. “ನಾವು ಯಾವಾಗಲೂ ಶಾಲು ಹೊದಿಸಿಬಿಡ್ತಿದ್ವಿ.” ಕುರ್ಚಿ ಎಳೆದುಕೊಂಡು ಪಕ್ಕದಲ್ಲಿ ಕೂತಳು. ಇಬ್ಬರೂ ಹಾಲ್ ಮುಚ್ಚುವವರೆಗೂ ಮಾತಾಡಿದರು. ಅಕ್ಕ ದೂರದಿಂದ ನೋಡುತ್ತಿದ್ದಳು. ಮೆಲ್ಲಗಿನ ಆ ದನಿ ಕೇಳಲು ಆ ಹೆಂಗಸು ಪೂರ್ತಿ ಬಗ್ಗಿ ಕೂತಿದ್ದಳು.

ಸಂಘದವರು ಮುಂದಿನ ವರ್ಷ ನೀಲಿಯ ಶೀಟುಗಳನ್ನು ಇನ್ನೂ ಎರಡು ಊರಿಗೆ ಕಳಿಸುವುದಾಗಿ ಹೇಳಿದರು. ಆದರೆ ಆರನ್ನೇ. ಏಳನೆಯದನ್ನು ನೀಲಿ ಮಡಚಿ ತಂದು ಭಾವನ ಕೈಗೆ ಕೊಟ್ಟಳು. ಅಕ್ಕ ಅದಕ್ಕೆ ಗಾಜಿನ ಕಟ್ಟು ಹಾಕಿಸಬೇಕು ಅಂದಳು. ಯಜಮಾನರು ಸುತರಾಂ ಒಪ್ಪಲಿಲ್ಲ.

“ಬೆಡ್‌ಶೀಟನ್ನ ಗೋಡೆಗೆ ಹಾಕ್ತಾರೇನೇ? ಹಾಸಿಗೆ ಮೇಲೆ ಹಾಸು.”

“ಹಾಳಾಗುತ್ತೆ ರೀ! ಬಣ್ಣ ಹೋಗುತ್ತೆ!”

“ಹೋದ್ರೆ ಇನ್ನೊಂದು ಸಲ ಮಲಗೋಣ. ಬಿಸಿಲಿಗೇನು ಬರವೇ?”

ಎರಡು ದಿನ ಜಗಳವಾಡಿ ಕೊನೆಗೆ ಗೆದ್ದವರು ಅವರೇ. ಒಂದು ಶನಿವಾರ ಮಧ್ಯಾಹ್ನ ಊಟವಾದ ಮೇಲೆ ಅದರ ಮೇಲೆ ಮಲಗಿ ನಿದ್ದೆ ಹೋದರು. ಅಕ್ಕ ಕಿಟಕಿಯ ಪರದೆ ಎಳೆಯಲು ಒಳಗೆ ಬಂದವಳು ಹಾಗೇ ನಿಂತಳು. ನಿದ್ದೆಯಲ್ಲಿ ಅವರ ಕೈ ನಡುಗುವುದಿಲ್ಲ. ಇಷ್ಟು ವರ್ಷ ಅದೊಂದೇ ಹೊತ್ತಿಗಾಗಿ ಅವಳು ಕಾಯುತ್ತಿದ್ದಳು. ಅವರು ಮಲಗಿದಾಗ ಪಕ್ಕದಲ್ಲಿ ಕೂತು ಆ ನಿಂತ ಕೈಯನ್ನು ನೋಡಿ, ಇದೇ ನಿಜವಾದ ಕೈ ಅಂದುಕೊಳ್ಳುತ್ತಿದ್ದಳು. ಈಗ ನಿಂತ ಕೈ ಬಟ್ಟೆಯ ಮೇಲೆ ಬಿದ್ದಿತ್ತು. ಅದರ ಪಕ್ಕದಲ್ಲಿ, ಬಟ್ಟೆಯೊಳಗೆ, ನಡುಗುವ ಕೈ ಪದರ ಪದರವಾಗಿ ಹರಡಿತ್ತು. ಅವಳು ಎರಡನ್ನೂ ನೋಡಿದಳು. ಯಾವುದನ್ನೂ ಸುಳ್ಳು ಅನ್ನಲು ಮನಸ್ಸು ಬರಲಿಲ್ಲ.

ಹೊರಗೆ ಮೆಟ್ಟಿಲ ಮೇಲೆ ಹೆಜ್ಜೆ ಸದ್ದಾಯಿತು. ಸಂಘದ ವರ್ಷ ಮುಗಿದು ಆರು ವಾರ ಕಳೆದಿದ್ದರೂ ನೀಲಿ ಇನ್ನೊಂದು ಗಂಟು ಹೊತ್ತುಕೊಂಡು ಬಂದಿದ್ದಳು. ಅಕ್ಕ ಬೆರಳು ತುಟಿಗಿಟ್ಟು, “ಶ್, ಭಾವ ಮಲಗಿದ್ದಾರೆ,” ಅಂದು, ಅವಳ ಗಂಟಿನ ಒಂದು ತುದಿ ಹಿಡಿದುಕೊಂಡು ಮಹಡಿಯ ಕಡೆ ನಡೆದಳು.